ದಾನಿ ಹೋದ ಮೇಲೆ ದಾನವನ್ನು ಕಾಯುವವರಾರು?

ರಮಝಾನ್ ಬಂತೆಂದರೆ ಕಾಪುವಿನಿಂದ ಕಾರ್ಕಳದವರೆಗೆ ದಾನದ್ದೇ ಮಾತು. ಝಕಾತ್‌ನ ಮಹತ್ವದ ಬಗ್ಗೆ ಪ್ರವಚನ, ಅಕ್ಕಿ-ಬೇಳೆಯ ಕಿಟ್ ವಿತರಣೆ, ಅದರ ಫೋಟೊ. ಈದ್ ಕಳೆಯಿತೋ, ಎಲ್ಲವೂ ತಣ್ಣಗಾಗುತ್ತದೆ. ಆದರೆ ಜುಮಾ ಮುಗಿದ ಮೇಲೆ ಆಸ್ಪತ್ರೆಯ ಬಿಲ್ಲು ಹಿಡಿದು ಮಸೀದಿಯ ಬಾಗಿಲಲ್ಲಿ ನಿಲ್ಲುವವರು ವರ್ಷವಿಡೀ ಇರುತ್ತಾರೆ. ನಾವು ಕೊಡುವುದಿಲ್ಲವೆಂದಲ್ಲ. ಕೊಟ್ಟದ್ದು ಉಳಿಯುವುದಿಲ್ಲ.

ಇಸ್ಲಾಮಿನಲ್ಲಿ ಕೊಡುವುದಕ್ಕೆ ಹಲವು ರೂಪಗಳಿವೆ. ಝಕಾತ್ ಕಡ್ಡಾಯ. ನಿಗದಿತ ಪ್ರಮಾಣ ತಲುಪಿದ ಹಣ, ಚಿನ್ನಗಳು ಒಂದು ವರ್ಷ ಕೈಯಲ್ಲಿ ಉಳಿದರೆ ಶೇ. 2.5ರಷ್ಟು ಬಡವರ ಹಕ್ಕು. ಅದರ ಹಕ್ಕುದಾರರನ್ನು ಕುರ್‌ಆನ್ (ಅತ್ತೌಬ: 60) ಎಂಟು ವರ್ಗಗಳಲ್ಲಿ ಹೆಸರಿಸಿದೆ. ಅವರಲ್ಲಿ ಝಕಾತ್ ಸಂಗ್ರಹಿಸುವ ಕಾರ್ಯಕರ್ತರೂ ಸೇರಿದ್ದಾರೆ. ಅಂದರೆ ಇದು ವ್ಯವಸ್ಥೆಯ ಮೂಲಕ ನಡೆಯಬೇಕಾದ ಕೆಲಸ, ಮನೆಬಾಗಿಲಲ್ಲಿ ಚಿಲ್ಲರೆ ಹಂಚುವುದಲ್ಲ. ಸದಕಾ ಐಚ್ಛಿಕ, ಅದಕ್ಕೆ ಮಿತಿಯಿಲ್ಲ. ವಕ್ಫ್ ಇನ್ನೂ ದೂರ ನೋಡುತ್ತದೆ. ಹ. ಉಮರ್(ರ) ಖೈಬರ್‌ನ ತಮ್ಮ ಜಮೀನಿನ ಬಗ್ಗೆ ಪ್ರವಾದಿ(ಸ)ಯವರ ಸಲಹೆ ಕೇಳಿದಾಗ ದೊರೆತ ದಾರಿ ಅದು: ಮೂಲವನ್ನು ಮಾರಬಾರದು, ಉತ್ತರಾಧಿಕಾರದಲ್ಲಿ ಹಂಚಬಾರದು, ಅದರ ಫಲ ಮಾತ್ರ ಬಡವರಿಗೆ ಸಲ್ಲಬೇಕು.

ಈ ದೂರದೃಷ್ಟಿಯ ಮಾದರಿ ಹುಡುಕಲು ನಾವು ಬಹಳ ದೂರ ಹೋಗಬೇಕಿಲ್ಲ. ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಗೆಳೆಯರೊಂದಿಗೆ 5,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಬ್ಯಾಂಕು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. 2020ರಲ್ಲಿ ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಬ್ಯಾಂಕಿನ ಹೆಸರು ಅಳಿದರೂ ಉಡುಪಿಯ ಮಹಿಳೆಯರ ಮತ್ತು ಮಕ್ಕಳ ಆಸ್ಪತ್ರೆಗೆಂದು ಅವರು ಸರಕಾರಕ್ಕೆ ಕೊಟ್ಟ ಭೂಮಿ ಉಳಿದಿದೆ. ಅಲ್ಲಿ ಹೆರಿಗೆಯಾದ ತಾಯಂದಿರ ಜಾತಿ-ಧರ್ಮವನ್ನು ಯಾರೂ ಕೇಳಲಿಲ್ಲ.

ಆದರೆ 2016ರಲ್ಲಿ ಸರಕಾರ ಈ ಜಾಗವನ್ನು ಉದ್ಯಮಿ ಬಿ.ಆರ್. ಶೆಟ್ಟಿಯವರ ಸಂಸ್ಥೆಗೆ ವಹಿಸಿತು. ಒಂದು ಭಾಗದಲ್ಲಿ 200 ಹಾಸಿಗೆಗಳ ಉಚಿತ ಆಸ್ಪತ್ರೆ, ಉಳಿದ ಭಾಗದಲ್ಲಿ ಖಾಸಗಿ ಆಸ್ಪತ್ರೆ ಎಂಬುದು ಒಪ್ಪಂದ. ಬಡವರಿಗೆಂದು ಕೊಟ್ಟ ಭೂಮಿ ಖಾಸಗಿಯವರಿಗೇಕೆ ಎಂದು ಉಡುಪಿಯ ನಾಗರಿಕರು ಪ್ರತಿಭಟಿಸಿದರು. 2017ರಲ್ಲಿ ಹೊಸ ಆಸ್ಪತ್ರೆಯೇನೋ ತೆರೆಯಿತು. ಮುಂದೆ ಸಂಸ್ಥೆ ಆರ್ಥಿಕ ಸಂಕಷ್ಟಕ್ಕೆ ಸಿಲುಕಿತು, ಸಂಬಳ ಸಿಗದ ಸಿಬ್ಬಂದಿ ಮುಷ್ಕರ ಹೂಡಿದರು. ಕೊನೆಗೆ ಸರಕಾರವೇ ಅದನ್ನು ಮರಳಿ ವಹಿಸಿಕೊಳ್ಳಬೇಕಾಯಿತು.

ಹಾಗಾದರೆ ವಕ್ಫ್ ಮಾಡಿದ್ದರೆ ಭೂಮಿ ಸುರಕ್ಷಿತವಾಗಿರುತ್ತಿತ್ತೇ? ಹಾಗೆಂದು ಎದೆ ತಟ್ಟಿ ಹೇಳುವ ಧೈರ್ಯ ನಮಗಿದೆಯೇ? ರಾಜ್ಯದಲ್ಲಿ ಸುಮಾರು 27 ಸಾವಿರ ಎಕ್ರೆ ವಕ್ಫ್ ಭೂಮಿ ಕಬಳಿಕೆಯಾಗಿದೆಯೆಂದು ರಾಜ್ಯ ಅಲ್ಪಸಂಖ್ಯಾತರ ಆಯೋಗದ 2012ರ ವರದಿ ಆರೋಪಿಸಿತ್ತು. ಅಂಕಿಯ ಬಗ್ಗೆ ವಾದ ಮಾಡಬಹುದು. ಆದರೆ ಕೈಯಿಟ್ಟವರಲ್ಲಿ ಸಮುದಾಯದ ಮುಖಂಡರೂ ಇದ್ದಾರೆಂಬ ಆರೋಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ದಾನಿಯ ನಿಯ್ಯತ್ ಎಷ್ಟೇ ಪರಿಶುದ್ಧವಾಗಿರಲಿ, ಕಾಗದಪತ್ರ ಎಷ್ಟೇ ಗಟ್ಟಿಯಾಗಿರಲಿ, ಲೆಕ್ಕ ಕೇಳುವವರಿಲ್ಲದಿದ್ದರೆ ದಾನ ಉಳಿಯದು. ಸರಕಾರಕ್ಕೆ ಕೊಟ್ಟದ್ದಕ್ಕೂ ಮಸೀದಿಗೆ ಕೊಟ್ಟದ್ದಕ್ಕೂ ಈ ಮಾತು ಸಲ್ಲುತ್ತದೆ. ರಮಝಾನ್‌ನಲ್ಲಿ ಎಷ್ಟು ಸಂಗ್ರಹವಾಯಿತು, ಎಷ್ಟು ಮಂದಿ ಸಾಲದಿಂದ ಮುಕ್ತರಾದರು, ವಕ್ಫ್ ಕಟ್ಟಡದ ಬಾಡಿಗೆ ಎಷ್ಟು ಬಂತು, ಎಲ್ಲಿಗೆ ಹೋಯಿತು? ಪ್ರತಿಯೊಂದು ಜಮಾಅತ್ ವರ್ಷಕ್ಕೊಮ್ಮೆಯಾದರೂ ಜುಮಾದ ಬಳಿಕ ಇಷ್ಟನ್ನು ಓದಿ ಹೇಳಲಿ. ಕೊಡುವುದು ಇಬಾದತ್ ಆದರೆ, ಕೊಟ್ಟದ್ದನ್ನು ಕಾಯುವುದು ಅಮಾನತ್. ಅಮಾನತ್‌ನ ಲೆಕ್ಕ ಇಲ್ಲಿ ಕೊಡದಿದ್ದರೂ ಅಲ್ಲಿ ಕೊಡಲೇಬೇಕಲ್ಲ!