ನವ್ಯ ಕಾದಂಬರಿಯನ್ನು ಓದುವ ಬಗೆ: ‘ಸಂಸ್ಕಾರ’ದ ಜೊತೆಯಲ್ಲಿ

ಕನ್ನಡದಲ್ಲಿ ‘ನವ್ಯ’ ಎಂಬ ಹೆಸರು ಮೊದಲು ಗೋಪಾಲಕೃಷ್ಣ ಅಡಿಗರ ಕಾವ್ಯದ ಸುತ್ತ ಬಲಗೊಂಡು, 1960ರ ದಶಕದಲ್ಲಿ ಕಾದಂಬರಿಗೂ ಸಂದಿತು. ಒಂದು ಸಮಾಜದ ವಿಸ್ತಾರವಾದ ಚಿತ್ರಣಕ್ಕಿಂತ ಒಬ್ಬ ವ್ಯಕ್ತಿಯ ಒಳತೋಟಿಯನ್ನೇ ಕಥೆಯ ನಡುಮನೆಯಾಗಿಸಿಕೊಂಡ ಬರವಣಿಗೆಗೆ ಈ ಹೆಸರು ಸಲ್ಲುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆಯಲ್ಲಿ ತೊಡಗಿದ್ದಾಗ ಬರೆದ, 1965ರಲ್ಲಿ ಪ್ರಕಟವಾದ ‘ಸಂಸ್ಕಾರ’ ಈ ಪ್ರಕಾರದ ಮೊದಲ ಓದಿಗೆ ಅತ್ಯಂತ ತಕ್ಕ ಕೃತಿ. ಶಿವಮೊಗ್ಗದ ರವೀಂದ್ರನಗರದಲ್ಲಿ ಕುಳಿತು ಓದುವವರಿಗೆ ಅದರ ಮಲೆನಾಡು ಪರಿಚಿತವೇ. ಅಷ್ಟೇ ಅಲ್ಲ, ಕಾದಂಬರಿಯ ದುರ್ವಾಸಪುರವೆಂಬ ಅಗ್ರಹಾರಕ್ಕೆ ನಾರಣಪ್ಪ ಜ್ವರ ಹೊತ್ತು ಬಂದದ್ದು ಶಿವಮೊಗ್ಗದಿಂದಲೇ.

ನಾರಣಪ್ಪ ಆಚಾರ ಬಿಟ್ಟವನು, ಆದರೆ ಬಹಿಷ್ಕೃತನಾಗದೆಯೇ ಸತ್ತವನು. ಅವನ ಶವಕ್ಕೆ ಬೆಂಕಿ ಕೊಡುವವರು ಯಾರೆಂಬ ಪ್ರಶ್ನೆಗೆ ಪಂಡಿತರಾದ ಪ್ರಾಣೇಶಾಚಾರ್ಯರು ಉತ್ತರ ಹುಡುಕಬೇಕಾಗುತ್ತದೆ. ಮುಂದೇನಾಯಿತೆಂಬ ಕುತೂಹಲದಿಂದ ಮಾತ್ರ ಪುಟ ತಿರುವುವ ಓದುಗರಿಗೆ ಇಲ್ಲಿ ನಿರಾಸೆಯಾದೀತು, ಏಕೆಂದರೆ ನಾರಣಪ್ಪನ ಸಂಗಾತಿ ಚಂದ್ರಿ ಮೀನು ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ಇರುಳಿನಲ್ಲಿ ಶವವನ್ನು ಸುಟ್ಟುಬಿಡುತ್ತಾಳೆ, ಆಚಾರ್ಯರಿಗೆ ಅದು ತಿಳಿಯುವುದೇ ಇಲ್ಲ. ಹೊರಗಿನ ಪ್ರಶ್ನೆ ಹೀಗೆ ಬಗೆಹರಿದ ಮೇಲೂ ಒಳಗಿನದು ಉಳಿಯುತ್ತದೆ. ‘ಸಂಸ್ಕಾರ’ ಎಂಬ ಪದಕ್ಕೆ ಅಂತ್ಯಕ್ರಿಯೆ, ಶುದ್ಧೀಕರಣ, ಮನಸ್ಸಿಗೆ ಕೊಟ್ಟ ಪಳಗಿಕೆ ಎಂಬ ಅರ್ಥಗಳೆಲ್ಲ ಇರುವುದರಿಂದ, ಸಂಸ್ಕಾರವಾಗಬೇಕಾದದ್ದು ಯಾರಿಗೆ ಎಂಬುದನ್ನು ಓದುಗರು ಅಧ್ಯಾಯದಿಂದ ಅಧ್ಯಾಯಕ್ಕೆ ಮತ್ತೆ ಮತ್ತೆ ಕೇಳಿಕೊಳ್ಳಬೇಕು.

ಹೊಸ ಓದುಗರು ಸಾಮಾನ್ಯವಾಗಿ ಎಡವುವುದು ಸಂಕೇತಗಳಲ್ಲಿ, ಅಂದರೆ ತನ್ನನ್ನು ಮೀರಿದ ಅರ್ಥವನ್ನು ಸೂಚಿಸುವ ವಸ್ತುಗಳಲ್ಲಿ. ಮಾಡಿನ ಮೇಲೆ ಬಂದು ಕೂರುವ ಹದ್ದು, ಸತ್ತು ಬೀಳುವ ಇಲಿ, ಕೊಳೆಯುವ ಹೆಣದ ನಾತ ಇವುಗಳನ್ನು ಕಂಡೊಡನೆ ‘ಇದು ಸಂಪ್ರದಾಯದ ಕೊಳೆತ’ ಎಂದು ಅರ್ಥ ಹಚ್ಚುವುದು ಅವಸರದ ಓದು. ಹೆಣವಿರುವವರೆಗೆ ಊಟವಿಲ್ಲದ ಅಗ್ರಹಾರದ ಹಸಿವು, ಪ್ಲೇಗಿನ ಭಯ, ಚಂದ್ರಿ ಬಿಚ್ಚಿಟ್ಟ ಒಡವೆಗಳ ಮೇಲೆ ನೆಟ್ಟ ಕಣ್ಣುಗಳು ಮೊದಲು ಮೈಗೆ ತಾಗಬೇಕು. ತಾಗಿದವರಿಗೆ ಅರ್ಥ ತಾನಾಗಿ ಒದಗುತ್ತದೆ.

ಕಾಡಿನ ಕತ್ತಲಲ್ಲಿ ಚಂದ್ರಿಯನ್ನು ಕೂಡಿದ ಮೇಲೆ ಆಚಾರ್ಯರು ಊರು ಬಿಟ್ಟು ನಡೆಯುವ ಕೊನೆಯ ಭಾಗವನ್ನು ನಿಧಾನವಾಗಿ, ಸಾಧ್ಯವಾದರೆ ಗಟ್ಟಿಯಾಗಿ ಓದುವುದು ಒಳ್ಳೆಯದು. ಇಲ್ಲಿ ಬಳಕೆಯಾಗುವ ಪ್ರಜ್ಞಾಪ್ರವಾಹ, ಎಂದರೆ ಮನಸ್ಸಿನಲ್ಲಿ ಹರಿಯುವ ಯೋಚನೆಯನ್ನು ಹರಿದಂತೆಯೇ ದಾಖಲಿಸುವ ತಂತ್ರ, ನಿರ್ಧಾರದ ಹೊಣೆ ಮನುಷ್ಯನದೇ ಎನ್ನುವ ಅಸ್ತಿತ್ವವಾದಕ್ಕೆ ಹೊಂದಿಕೊಂಡಿದೆ. ದಾರಿಯಲ್ಲಿ ಜೊತೆಯಾಗಿ ಬೆನ್ನು ಬಿಡದ ಪುಟ್ಟನ ಹರಟೆ, ಮೇಳಿಗೆಯ ತೇರಿನ ಗದ್ದಲ, ಗುರುತು ಸಿಕ್ಕೀತೆಂಬ ಅಂಜಿಕೆ ಇವುಗಳ ನಡುವೆ ಆಚಾರ್ಯರ ಯೋಚನೆ ತುಂಡುತುಂಡಾಗಿ ಸಾಗುವುದನ್ನು ಗಮನಿಸಬೇಕು. ಲೇಖಕರು ಹುಟ್ಟೂರಿನ ಹೆಸರನ್ನೇ ಈ ಜಾತ್ರೆಗೆ ಕೊಟ್ಟಿರುವುದು ಆಕಸ್ಮಿಕವೆನಿಸುವುದಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಜೊತೆಗಿಟ್ಟು ಓದಿದರೆ ಭೇದ ಚೆನ್ನಾಗಿ ತಿಳಿಯುತ್ತದೆ: ಅಲ್ಲಿ ಕಾಡು ನೂರಾರು ಜೀವಗಳಿಗೆ ಸಮಾನವಾಗಿ ಸೇರಿದ್ದರೆ, ಇಲ್ಲಿ ಅದು ಒಬ್ಬನ ಅಂತರಂಗದ ಕತ್ತಲೆಯೂ ಹೌದು. ಗಿರೀಶ ಕಾರ್ನಾಡರು ಆಚಾರ್ಯರಾಗಿ, ಶಿವಮೊಗ್ಗ ಸೀಮೆಯ ಪಿ. ಲಂಕೇಶರು ನಾರಣಪ್ಪನಾಗಿ ನಟಿಸಿದ 1970ರ ಚಲನಚಿತ್ರವನ್ನು ಓದು ಮುಗಿದ ಮೇಲೆಯೇ ನೋಡುವುದು ಮೇಲು, ಏಕೆಂದರೆ ಕೊನೆಯಲ್ಲಿ ಗಾಡಿ ಹತ್ತಿ ದುರ್ವಾಸಪುರಕ್ಕೆ ಮರಳುತ್ತಿರುವ ಆಚಾರ್ಯರು ಅಗ್ರಹಾರದವರ ಮುಂದೆ ಏನು ಹೇಳುವರೆಂಬುದನ್ನು ಕಾದಂಬರಿ ಹೇಳದೆ ನಿಲ್ಲುತ್ತದೆ, ಆಗಿನ ಅವರ ಮುಖ ಹೇಗಿದ್ದೀತೆಂಬುದನ್ನು ಓದುಗರು ಮೊದಲು ತಾವೇ ಕಲ್ಪಿಸಿಕೊಂಡಿರಬೇಕು.