ಸುಲಿಯುವ ಅಂಗಳದ ಧ್ವನಿಸುರುಳಿಗಳು

ನಿಮಗೆ ತುಂಬ ಪ್ರಿಯವಾದ ಐದು ಧ್ವನಿಸುರುಳಿಗಳನ್ನು ಹೆಸರಿಸಿ ಎಂದರೆ ಗಂಡಸರು ತಡಮಾಡುವುದಿಲ್ಲ. ಬೆರಳು ಮಡಿಚುತ್ತಾ ಹೇಳಿಯೇಬಿಡುತ್ತಾರೆ. ಐದಕ್ಕೂ ನಿಲ್ಲದೆ ಹನ್ನೆರಡಕ್ಕೆ ಹೋಗಿ, ಯಾವುದು ಮೇಲು ಯಾವುದು ಕೀಳು ಎಂದು ಊಟದ ಎಲೆ ಒಣಗುವವರೆಗೆ ವಾದ ಹೂಡುತ್ತಾರೆ. ಅದೇ ಪ್ರಶ್ನೆಯನ್ನು ಅವರಿಗೆ ಬಡಿಸುತ್ತಿರುವ ಹೆಂಗಸನ್ನು ಕೇಳಿ ನೋಡಿ. "ಅಯ್ಯೋ, ನಮಗೇನು ಗೊತ್ತಾಗುತ್ತೆ? ಎಲ್ಲಾ ಚೆನ್ನಾಗೇ ಇವೆ" ಎಂದು ಸಾರಿನ ಪಾತ್ರೆ ಎತ್ತಿಕೊಂಡು ಮುಂದೆ ಹೋಗುತ್ತಾಳೆ.

ಅವಳಿಗೆ ಗೊತ್ತಿಲ್ಲ ಎನ್ನುವುದು ಶುದ್ಧ ಸುಳ್ಳು. ಆ ಮನೆಯಲ್ಲಿ ಟೇಪ್ ರೆಕಾರ್ಡರ್ ಇದ್ದ ಕಾಲದಲ್ಲಿ ಅದರ ಹಾಡುಗಳನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿದವಳು ಅವಳೇ. ಆದರೆ ಕೂತು ಕೇಳಲಿಲ್ಲ. ರುಬ್ಬುತ್ತಾ, ಒರೆಸುತ್ತಾ, ಮಗುವಿನ ತಲೆ ಬಾಚುತ್ತಾ ಕೇಳಿದಳು. ಕಣ್ಣು ಮುಚ್ಚಿ ತಲೆದೂಗಿದವರದು ಮಾತ್ರ ಕೇಳ್ಮೆ, ಕೈಯಾಡಿಸುತ್ತಾ ಕೇಳಿದ್ದು ಲೆಕ್ಕಕ್ಕಿಲ್ಲ ಎಂದು ನಮ್ಮಲ್ಲೊಂದು ಅಲಿಖಿತ ಕಾನೂನಿದೆ. ಈ ಕಾನೂನನ್ನು ನಾನು ಒಪ್ಪುವುದಿಲ್ಲ. ಕೆಲಸದ ನಡುವೆ ಕೇಳುವುದೇ ಹಾಡಿಗೆ ಹೆಚ್ಚು ಕಠಿಣವಾದ ಪರೀಕ್ಷೆ. ನನ್ನ ಐದರ ಪಟ್ಟಿಯನ್ನು ಆ ಪರೀಕ್ಷೆಯಿಂದಲೇ ಮಾಡಿದ್ದೇನೆ.

ಮೊದಲು ಧ್ವನಿಸುರುಳಿ ಎಂದರೇನು ಎಂಬುದನ್ನು ನೆನಪು ಮಾಡಿಕೊಳ್ಳೋಣ. ಏಕೆಂದರೆ ಈಗ ಮೊಬೈಲಿನಲ್ಲಿ ಬೇಕಾದ ಹಾಡನ್ನು ಬೆರಳ ತುದಿಯಲ್ಲಿ ಒತ್ತಿ ಕೇಳುವ ಮಕ್ಕಳಿಗೆ ಇದು ತಿಳಿಯದು. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಮೂರು ಚಿಲ್ಲರೆ ನಿಮಿಷದ ಸಂಗೀತ. ಲಾಂಗ್ ಪ್ಲೇ ತಟ್ಟೆ ಬಂದಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷ ಸಿಕ್ಕಿತು. 1963ರಲ್ಲಿ ಫಿಲಿಪ್ಸ್ ಕಂಪನಿ ಅಂಗೈಯಗಲದ ಕ್ಯಾಸೆಟ್ ತಂದಿತು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಬದಿಗೆ ಅರ್ಧ ಗಂಟೆ. ಈ ಅರ್ಧ ಗಂಟೆಯಲ್ಲಿ ಯಾವ ಹಾಡಿನ ಹಿಂದೆ ಯಾವುದು ಬರಬೇಕೆಂದು ಯಾರೋ ಯೋಚಿಸಿ ಜೋಡಿಸಿರುತ್ತಿದ್ದರು. ಬೇಡದ ಹಾಡು ದಾಟಿಸಬೇಕೆಂದರೆ ಎದ್ದು ಹೋಗಿ ಗುಂಡಿ ಒತ್ತಿ, ಅಂದಾಜಿನ ಮೇಲೆ ನಿಲ್ಲಿಸಿ, ಮತ್ತೆ ಒತ್ತಬೇಕಿತ್ತು. ಅಷ್ಟರಲ್ಲಿ ಸುರುಳಿ ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಿಕೊಳ್ಳುವ ಶಿಕ್ಷೆ ಬೇರೆ!

ನಾನು ಮದುವೆಯಾಗಿ ಬಂದ ಸಾಗರ ಸೀಮೆಯಲ್ಲಿ ಕೊನೆಕೊಯ್ಲಿನ ದಿನಗಳೆಂದರೆ ರಾತ್ರಿಯೆಲ್ಲ ಅಡಿಕೆ ಸುಲಿಯುವ ಕೆಲಸ. ಅಂಗಳದಲ್ಲಿ ಮೆಟ್ಟುಗತ್ತಿಗಳ ಮುಂದೆ ಹತ್ತು ಹನ್ನೆರಡು ಹೆಂಗಸರು. ನಡುವೆ ಹಸಿ ಅಡಿಕೆಯ ರಾಶಿ, ಜಗಲಿಯ ಮೇಲೆ ಟೇಪ್ ರೆಕಾರ್ಡರ್. ಒಗರು ಹತ್ತಿ ಕಪ್ಪಾದ ಕೈಯಿಂದ ಅದನ್ನು ಮುಟ್ಟುವಂತಿಲ್ಲ. ಎದ್ದರೆ ಸುಲಿತದ ಲೆಕ್ಕ ಕಮ್ಮಿಯಾಗುತ್ತದೆ. ಹಾಗಾಗಿ ಹಾಕಿದ ಕ್ಯಾಸೆಟ್ಟು ಕೊನೆಯವರೆಗೆ ಓಡಲೇಬೇಕು. ಮುಗಿದಾಗ ಯಾವುದಾದರೂ ಮಗು ಮಗುಚಿ ಹಾಕುತ್ತಿತ್ತು. ಈಗ ಸುಲಿಯುವ ಯಂತ್ರಗಳು ಬಂದಿವೆ, ಅದರ ಸದ್ದಿನಲ್ಲಿ ಹಾಡು ಕೇಳಿಸುವುದಿಲ್ಲ. ಆದರೆ ಆ ಅಂಗಳ ನನಗೆ ಮೂರು ಅಳತೆಗೋಲುಗಳನ್ನು ಕೊಟ್ಟಿತು. ಒಂದು, ಎರಡೂ ಬದಿಯಲ್ಲಿ ದಾಟಿಸಬೇಕೆನಿಸುವ ಹಾಡು ಇರಬಾರದು. ಎರಡು, ಅರ್ಧ ಗಮನಕ್ಕೂ ಮಾತು ಸ್ಪಷ್ಟವಾಗಿ ತಲುಪಬೇಕು. ಮೂರು, ನೂರನೇ ಸಲ ಕೇಳುವಾಗಲೂ ಅದರ ಬಗ್ಗೆ ಜಗಳ ಆಡಲು ಏನಾದರೂ ಉಳಿದಿರಬೇಕು.

ಮೊದಲನೆಯದು 'ನಿತ್ಯೋತ್ಸವ'. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ. 1978ರಲ್ಲಿ ಬಂದ ಇದನ್ನು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎನ್ನುತ್ತಾರೆ. ಅದಕ್ಕೂ ಮುಂಚೆ ಪಿ. ಕಾಳಿಂಗರಾಯರು ಕವಿತೆಯನ್ನು ಸಭೆಗಳಿಗೆ ಕೊಂಡೊಯ್ದಿದ್ದರು, ರೇಡಿಯೋ ಮನೆಗೆ ತಂದಿತ್ತು. ಆದರೆ ಒಬ್ಬನೇ ಕವಿಯ ಜೊತೆ ಒಂದು ಗಂಟೆ ಕಳೆಯುವ ಅವಕಾಶ ಕ್ಯಾಸೆಟ್ಟಿನಿಂದ ಸಿಕ್ಕಿತು. ಅನಂತಸ್ವಾಮಿಯವರ ರಾಗ ಮಾತಿನ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತದೆ, ಎಳೆದಾಡುವುದಿಲ್ಲ. ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುತ್ತಿದ್ದ ಮೇಷ್ಟ್ರು ನಾಡಿನ ಕಲ್ಲು, ಕಾಡು, ನೀರುಗಳನ್ನು ಹಾಡಾಗಿಸಿದ್ದಾರೆ. ಎರಡನೆಯ ಅಳತೆಗೋಲಿನಲ್ಲಿ ಇದಕ್ಕೆ ಪೂರ್ತಿ ಅಂಕ.

ಜಗಳ? ಅದೂ ಇದೆ. ಹೆಸರಿನ ಹಾಡಿನಲ್ಲಿ ಜೋಗದ ವೈಭವವಿದೆ. ನಮ್ಮ ಅಂಗಳದಲ್ಲಿ ಸುಲಿಯಲು ಬರುತ್ತಿದ್ದವರಲ್ಲಿ ಇಬ್ಬರು ಮುಳುಗಡೆ ಊರಿನವರು. ಜೋಗದ ಮೇಲ್ಭಾಗದಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ, 1964ರ ಹೊತ್ತಿಗೆ, ಅವರ ತವರುಮನೆ ನೀರಿನಡಿಗೆ ಹೋಗಿತ್ತು. ಅವರು ಆ ಹಾಡನ್ನು ಬೇಡವೆನ್ನಲಿಲ್ಲ. ಜೊತೆಗೆ ಗುನುಗುತ್ತಲೂ ಇದ್ದರು. "ನಮ್ಮ ಹೊಳೆ ಮೇಲಿನ ಹಾಡು" ಎನ್ನುತ್ತಿದ್ದರು. ನಾಡಿನ ಉತ್ಸವದ ಹಾಡು ನಾಡಿಗಾಗಿ ಮನೆ ಬಿಟ್ಟವರ ಬಾಯಲ್ಲಿ ಹೇಗೆ ಕೇಳಿಸುತ್ತದೆ ಎಂಬುದನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಕೂತು ಕೇಳಿದವರು ಊಹಿಸಲಾರರು.

ಎರಡನೆಯದು 'ಮೈಸೂರು ಮಲ್ಲಿಗೆ'. ಕೆ. ಎಸ್. ನರಸಿಂಹಸ್ವಾಮಿಯವರ ಕವನ ಸಂಕಲನ ಬಂದದ್ದು 1942ರಲ್ಲಿ; ಸಿ. ಅಶ್ವಥ್ ಅದನ್ನು ಧ್ವನಿಸುರುಳಿಯಾಗಿಸಿ ಪುಸ್ತಕ ಓದದವರ ಮನೆಗೂ ಮುಟ್ಟಿಸಿದರು. ದಾಂಪತ್ಯದ ಸರಸವನ್ನು ಇಷ್ಟು ಮರ್ಯಾದೆಯಾಗಿ, ಇಷ್ಟು ತುಂಟತನದಿಂದ ಹಾಡಿದ್ದು ಕನ್ನಡದಲ್ಲಿ ಇನ್ನೊಂದಿಲ್ಲ. ಅತ್ತೆಯ ಎದುರಿಗೇ ಕೇಳಬಹುದಾದ ಪ್ರೇಮಗೀತೆಗಳು ಇವು. ಹೊಸ ಸೊಸೆಯಂದಿರಿಗೆ ಅದೆಷ್ಟು ದೊಡ್ಡ ಉಪಕಾರ ಎಂದು ಬಿಡಿಸಿ ಹೇಳಬೇಕೆ?

ಅದರಲ್ಲಿ ರಾತ್ರಿ ಹೊತ್ತು ಮಾವನ ಮನೆಗೆ ಬಂದಿಳಿದ ಅಳಿಯನ ಹಾಡೊಂದಿದೆ, ನಿಮಗೂ ಗೊತ್ತು. ಉಪಚಾರವೆಲ್ಲ ಆಗುತ್ತದೆ, ಆದರೆ ಹೆಂಡತಿ ಪದುಮ ಕಣ್ಣಿಗೆ ಬೀಳುವುದಿಲ್ಲ, ಅವಳ ಬಳೆಯ ಸದ್ದೂ ಇಲ್ಲ. ಕೊನೆಗೆ ನಾದಿನಿಯ ನಗುವಿನಿಂದ ತಿಳಿಯುತ್ತದೆ, ಅವಳು ಒಳಗಿಲ್ಲವೆಂದು. ಗಂಡಸರು ಈ ಹಾಡಿಗೆ ನಗುತ್ತಾರೆ. ಪಾಪ, ರಾಯರ ಪ್ರಯಾಣ ದಂಡವಾಯಿತು ಎನ್ನುತ್ತಾರೆ. ನಾವೂ ನಗುತ್ತಿದ್ದೆವು. ಒಂದು ರಾತ್ರಿ ನಮ್ಮ ಅತ್ತೆ, ಅಡಿಕೆಯಿಂದ ಕಣ್ಣೆತ್ತದೆ, "ಹಾಡೇನೋ ಚೆಂದ ಇದೆ. ಆ ಹುಡುಗಿ ಊಟ ಮಾಡಿದಳಾ ಅಂತ ಯಾರೂ ಕೇಳಲಿಲ್ಲ ನೋಡು" ಎಂದರು. ಅಂಗಳದಲ್ಲಿ ಒಂದು ಗಳಿಗೆ ಕತ್ತಿಗಳ ಸದ್ದು ಮಾತ್ರ ಉಳಿಯಿತು. ಮೂರು ದಿನ ಹೊರಗೆ ಕೂತು ಗೊತ್ತಿದ್ದವರೇ ಅಲ್ಲವೆ ಎಲ್ಲರೂ?

ಇದರಿಂದ ಹಾಡು ಕೆಟ್ಟದಾಯಿತೆ? ಇಲ್ಲ. ಕವಿ ಪದುಮಳ ಇಲ್ಲದಿರುವಿಕೆಯನ್ನು ಎಷ್ಟು ಚೊಕ್ಕವಾಗಿ ಕಟ್ಟಿದ್ದಾರೆಂದರೆ, ಹುಡುಕುವ ಮನಸ್ಸಿದ್ದವರಿಗೆ ಅವಳು ಆ ಕತ್ತಲಲ್ಲಿ ಕೂತಿರುವುದು ಕಾಣಿಸುತ್ತದೆ. ಆದರೆ ಕವಿತೆಯ ಕಣ್ಣು ರಾಯರ ಜೊತೆಗಿದೆ, ಪದುಮಳ ಜೊತೆಗಲ್ಲ. 'ಮೈಸೂರು ಮಲ್ಲಿಗೆ' ನನ್ನ ಪಟ್ಟಿಯಲ್ಲಿ ಉಳಿಯುತ್ತದೆ, ಅತ್ತೆಯವರ ಪ್ರಶ್ನೆಯ ಸಮೇತ. ಹಾಡಿನ ಮೇಲೆ ಇಷ್ಟು ಒಳ್ಳೆಯ ವಿಮರ್ಶೆಯನ್ನು ನಾನು ಯಾವ ವಿಮರ್ಶಕರಲ್ಲಿಯೂ ಓದಿಲ್ಲ.

ಮೂರನೆಯದು ಶಿಶುನಾಳ ಶರೀಫರ ಗೀತೆಗಳು. ಇಲ್ಲಿಯೂ ರಾಗ ಅಶ್ವಥ್ ಅವರದೇ. 1819ರಿಂದ 1889ರವರೆಗೆ ಬಾಳಿದ ಶರೀಫರು ತತ್ತ್ವ ಹೇಳಲು ಆರಿಸಿಕೊಂಡದ್ದು ಮನೆಯ ಸಾಮಾನುಗಳನ್ನು, ಹಿತ್ತಿಲ ಪ್ರಾಣಿಗಳನ್ನು. ಸೋರುವ ಮಾಳಿಗೆಯ ಹಾಡನ್ನು ಮಲೆನಾಡಿನ ಹೆಂಗಸಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಷಾಢದಲ್ಲಿ ಯಾವ ಮೂಲೆಗೆ ಯಾವ ಪಾತ್ರೆ ಇಡಬೇಕೆಂಬುದು ಅವಳಿಗೆ ಬಾಯಿಪಾಠ. ಅಶ್ವಥ್ ಅವರ ತಾರಕದ ದನಿ ಕೆಲವರಿಗೆ ಅತಿ ಎನಿಸುತ್ತಿತ್ತು. ಆದರೆ ಬೀದಿಯಲ್ಲಿ, ಜಾತ್ರೆಯಲ್ಲಿ ಹುಟ್ಟಿದ ಪದಗಳಿಗೆ ಅಂಥ ಬಿಚ್ಚುಗಂಟಲು ಬೇಕು. ಹುಟ್ಟಿದ ದಿನವೇ, 2009ರ ಡಿಸೆಂಬರ್ 29ರಂದು, ಅವರು ತೀರಿಕೊಂಡಾಗ ಎಷ್ಟೋ ಮನೆಗಳಲ್ಲಿ ಮತ್ತೆ ಹೊರಗೆ ಬಂದದ್ದು ಈ ಕ್ಯಾಸೆಟ್ಟೇ.

ಗಂಡನ ಮನೆಗೆ ಹೊರಟ ತಂಗಿಯನ್ನು ಸಮಾಧಾನ ಮಾಡುವ ಪದವನ್ನು ಶಿವಮೊಗ್ಗ ಸುಬ್ಬಣ್ಣನವರ ಕಂಠದಲ್ಲಿ ಕೇಳಿದ್ದೀರಲ್ಲ? ಅಲ್ಲಿ ತಂಗಿ ಎಂದರೆ ಜೀವ, ಗಂಡನ ಮನೆ ಎಂದರೆ ಪರಲೋಕ ಎಂದು ಪಂಡಿತರು ಅರ್ಥ ಹೇಳುತ್ತಾರೆ. ಇರಬಹುದು. ನಮ್ಮ ಅಂಗಳದಲ್ಲಿ ಆ ಹಾಡಿಗೆ ಕಣ್ಣೊರೆಸಿಕೊಂಡವರು ಜೀವಾತ್ಮನನ್ನು ನೆನೆದು ಅಳಲಿಲ್ಲ. ತಾವು ಬಿಟ್ಟುಬಂದ ತವರಿನ ಹೊಸಿಲನ್ನು ನೆನೆದು ಅತ್ತರು. ಎರಡು ಅರ್ಥಗಳಲ್ಲಿ ಮೇಲಿನದು ಯಾವುದೆಂದು ನಿರ್ಧರಿಸಲು ನನಗೆ ಅವಸರವಿಲ್ಲ. ಮೊದಲ ಅರ್ಥ ನಿಜವಾಗಿ ಸುಡದಿದ್ದರೆ ಎರಡನೆಯದು ಹೊತ್ತಿಕೊಳ್ಳುವುದೇ ಇಲ್ಲ.

ನಾಲ್ಕನೆಯದು ಭೀಮಸೇನ ಜೋಶಿಯವರ 'ದಾಸವಾಣಿ'. ಗದಗ ಸೀಮೆಯಲ್ಲಿ ಹುಟ್ಟಿ, ಪುಣೆಯಲ್ಲಿ ನೆಲೆಸಿ, ದೇಶವೆಲ್ಲ ಖ್ಯಾಲ್ ಹಾಡಿದ ಗಾಯಕ ಇಲ್ಲಿ ತಾಯಿಯ ಮಾತಿಗೆ ಮರಳಿದ್ದಾರೆ. ಹಿಂದೂಸ್ತಾನಿ ಸಂಗೀತ ನಮಗಲ್ಲ ಎಂದು ಹಿಂಜರಿಯುತ್ತಿದ್ದವರು ಈ ಬಾಗಿಲಿನಿಂದ ಧೈರ್ಯವಾಗಿ ಒಳಗೆ ಹೋದರು. ಲಕ್ಷ್ಮಿಯನ್ನು ಮನೆಗೆ ಕರೆಯುವ ಪುರಂದರದಾಸರ ಪದವನ್ನೇ ನೋಡಿ. ಶುಕ್ರವಾರದ ಪೂಜೆಗೆ ಅದನ್ನು ಹಾಡದ ಹೆಂಗಸಿಲ್ಲ. ಆದ್ದರಿಂದಲೇ ಅದರ ಮಾತು ಸವೆದು ಹೋಗಿತ್ತು. ಜೋಶಿಯವರು ಒಂದೇ ಕರೆಯನ್ನು ಮತ್ತೆ ಮತ್ತೆ ಬೇರೆ ಬೇರೆ ಸ್ವರದಲ್ಲಿ ಕರೆದಾಗ, ಅದರೊಳಗಿನ ಕಡೆಗೋಲಿನ ಉಪಮೆ ನನಗೆ ಮೊದಲ ಸಲ ಹೊಳೆಯಿತು. ಕಡೆಯುತ್ತಲೇ ಇರಬೇಕು, ಆಮೇಲಷ್ಟೇ ತೇಲಿ ಬರುವುದು. ಭಾಗ್ಯ ಬರುವ ದಾರಿಯೂ ಅದೇ ಎಂದರೆ, ಅದು ಕೈನೋವು ಬಲ್ಲವರ ಉಪಮೆ.

ಬಿಟ್ಟದ್ದರ ಬಗ್ಗೆಯೂ ಒಂದು ಮಾತು. ಹಂಸಲೇಖರ 'ಪ್ರೇಮಲೋಕ' 1987ರಲ್ಲಿ ಬಂದಾಗ ನಮ್ಮ ಅಂಗಳದ ಹುಡುಗಿಯರು ಬೇರೇನನ್ನೂ ಹಾಕಗೊಡುತ್ತಿರಲಿಲ್ಲ, ನನಗೂ ಖುಷಿಯೇ. ಆದರೆ ಅದನ್ನು ಕೇಳುವಾಗ ಕಿವಿಗಿಂತ ಮೊದಲು ಸಿನಿಮಾ ಬಂದು ನಿಲ್ಲುತ್ತದೆ. ಇನ್ನು ಎಂ. ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ್ವರ ಸುಪ್ರಭಾತ. 1963ರಲ್ಲಿ ತಟ್ಟೆಯಾಗಿ ಬಂದ ಅದನ್ನು ಯಾರೂ ಆರಿಸಿಕೊಂಡದ್ದಲ್ಲ; ಅದು ಬೆಳಗಿನ ಹಾಗೆ ತಾನಾಗಿ ಬಂತು. ಬೆಳಗನ್ನು ಪಟ್ಟಿಯಲ್ಲಿ ಸೇರಿಸುವುದು ಹೇಗೆ?

ಐದನೆಯ ಜಾಗ ಖಾಲಿ ಇದೆ. ಬೇಕೆಂದೇ ಬಿಟ್ಟಿದ್ದೇನೆ. ಮೇಲಿನ ನಾಲ್ಕನ್ನು ಮತ್ತೊಮ್ಮೆ ಓದಿ: ಬರೆದವರು ಗಂಡಸರು, ರಾಗ ಹಾಕಿದವರು ಗಂಡಸರು. ರತ್ನಮಾಲಾ ಪ್ರಕಾಶ್ ಅವರಂಥ ಗಾಯಕಿಯರು ಈ ಬಗೆಯ ಹಾಡಿಗೆ ಕೊಟ್ಟ ಜೀವ ಸಣ್ಣದಲ್ಲ. ಬಿ. ಕೆ. ಸುಮಿತ್ರಾ ಅವರು ಜನಪದ ಗೀತೆಗಳನ್ನು ಪಟ್ಟಣದ ಮನೆಗಳಿಗೆ ತಂದರು. ಅಕ್ಕಮಹಾದೇವಿಯ ವಚನವನ್ನು ಮಲ್ಲಿಕಾರ್ಜುನ ಮನ್ಸೂರರ ದನಿಯಲ್ಲಿ ಕೇಳಿದರೆ ಎದೆ ನಡುಗುತ್ತದೆ. ಆದರೆ ಹೆಣ್ಣೇ ಬರೆದು, ಹೆಣ್ಣೇ ರಾಗ ಕಟ್ಟಿ, ಹೆಣ್ಣೇ ಹಾಡಿದ, ಎರಡೂ ಬದಿ ತುಂಬಿದ ಒಂದು ಸುರುಳಿ ನಮ್ಮ ಜಗಲಿಗೆ ಬರಲಿಲ್ಲ.

ಇಲ್ಲವೆಂದಲ್ಲ, ಅದು ಅಂಗಳದಲ್ಲೇ ಇತ್ತು. ಟೇಪ್ ರೆಕಾರ್ಡರ್ ಬರುವ ಮುಂಚೆ ಸುಲಿಯುವ ರಾತ್ರಿಗಳಲ್ಲಿ ಹೆಂಗಸರೇ ಹಾಡುತ್ತಿದ್ದರಂತೆ. ಮದುವೆಯ ಹಾಡು, ಬೀಸುವ ಹಾಡು, ಅತ್ತೆ ಸೊಸೆಯರ ಹಾಡು. ಒಬ್ಬಳು ಎತ್ತಿಕೊಟ್ಟರೆ ಉಳಿದವರು ಸೇರುವುದು. ಹಲಸಂಗಿಯ ಗೆಳೆಯರು ಬಯಲುಸೀಮೆಯ ಅಂಥ ತ್ರಿಪದಿಗಳನ್ನು ಕಲೆಹಾಕಿ 'ಗರತಿಯ ಹಾಡು' ಎಂದು ಪುಸ್ತಕ ಮಾಡಿದ್ದರಿಂದ ಅವಾದರೂ ಉಳಿದವು. ನಮ್ಮ ಅಂಗಳಕ್ಕೆ ಅಂಥ ಗೆಳೆಯರು ಬರಲಿಲ್ಲ, ಟೇಪ್ ರೆಕಾರ್ಡರ್ ಬಂತು. ನಾನು ಇಷ್ಟು ಹೊಗಳಿದ ಧ್ವನಿಸುರುಳಿಗಳೇ ಆ ಬಾಯಿಗಳನ್ನು ಮುಚ್ಚಿಸಿದವು. ಚೆನ್ನಾಗಿ ಹಾಡುವವರು ಪೆಟ್ಟಿಗೆಯೊಳಗೆ ಇರುವಾಗ ತಾನೇಕೆ ಬಾಯಿ ತೆರೆಯಬೇಕು ಎಂದು ಪ್ರತಿಯೊಬ್ಬಳೂ ಅಂದುಕೊಂಡಳು. ಸಂತೋಷವನ್ನೂ ಈ ನಷ್ಟವನ್ನೂ ಒಟ್ಟಿಗೆ ಬರೆದಿಡದ ಪಟ್ಟಿ ಅರ್ಧ ಪಟ್ಟಿ.

ನೀವೂ ಒಂದು ಪಟ್ಟಿ ಮಾಡಿ. ಪೇಪರಿನವರು, ಪಂಡಿತರು, ಮನೆಯವರು ಹೇಳಿದ್ದು ಬೇಡ. ನಿಮ್ಮ ಅಡುಗೆಮನೆ, ಹೊಲಿಗೆ ಯಂತ್ರ, ಕಚೇರಿಯ ಬಸ್ಸು, ಎಲ್ಲಿ ಕೇಳಿದಿರೋ ಅಲ್ಲಿಂದಲೇ ಶುರುಮಾಡಿ. ಪ್ರತಿ ಹೆಸರಿನ ಮುಂದೆ ಒಂದು ಸಾಲು ಕಾರಣ, ಒಂದು ಸಾಲು ತಕರಾರು ಬರೆಯಿರಿ. ಮನೆಯಲ್ಲಿ ಹಳೆಯ ಹಾಡು ಬಲ್ಲ ಹಿರಿಯರು ಇದ್ದರೆ, ಮೊಬೈಲಿನಲ್ಲಿ ಹಾಡು ಕೇಳುವುದಷ್ಟೇ ಅಲ್ಲ, ಹಿಡಿದಿಡಲೂ ಬರುತ್ತದೆ ಎಂಬುದನ್ನು ಮರೆಯಬೇಡಿ. ಊಟದ ಎಲೆಯ ಮುಂದೆ ಕೂತವರು ಮತ್ತೆ ವಾದ ಹೂಡಿದರೆ, ಸಾರಿನ ಪಾತ್ರೆಯನ್ನು ಕೆಳಗಿಟ್ಟು ನಿಮ್ಮ ಐದನ್ನೂ ಹೇಳಿ.