ಚಿಕ್ಕದೆನ್ನುವವರ ಅಳತೆಗೋಲು

2014ರ ಸೆಪ್ಟೆಂಬರ್ 18ರ ರಾತ್ರಿ ಸ್ಕಾಟ್ಲೆಂಡಿನಲ್ಲಿ ಬಹಳ ಮನೆಗಳ ದೀಪ ಆರಲಿಲ್ಲ. ಬ್ರಿಟನ್ನಿನಿಂದ ಬೇರೆಯಾಗಬೇಕೇ ಎಂಬ ಜನಮತಗಣನೆಯ ಮತ ಎಣಿಕೆ ಮೂವತ್ತೆರಡು ಕೌನ್ಸಿಲ್‌ಗಳಲ್ಲಿ ನಡೆದಿತ್ತು. ರಾತ್ರಿ ಒಂದೂವರೆಯ ಸುಮಾರಿಗೆ ಮೊದಲ ಫಲಿತಾಂಶ ಬಂದದ್ದು ಕ್ಲಾಕ್‌ಮ್ಯಾನನ್‌ಶೈರ್‌ನಿಂದ. ಬೇಡ ಎಂದವರು 19,036, ಬೇಕು ಎಂದವರು 16,350. ಮಿಕ್ಕವರೆಲ್ಲ ಇನ್ನೂ ಮತಪತ್ರ ಬಿಡಿಸುತ್ತಿದ್ದಾಗ ಇವರು ಎಣಿಸಿ ಮುಗಿಸಿದ್ದರು. ಎಣಿಸಲು ಇದ್ದದ್ದೇ ಅಷ್ಟು.

ಈ ಕೌಂಟಿಯ ಬಗ್ಗೆ ಯಾರು ಏನೇ ಬರೆಯಲಿ, ಮೊದಲ ವಾಕ್ಯ ಅದರ ಗಾತ್ರದ ಮೇಲೆಯೇ ನಿಲ್ಲುತ್ತದೆ. ಸ್ಕಾಟ್ಲೆಂಡಿನ ಚಾರಿತ್ರಿಕ ಕೌಂಟಿಗಳಲ್ಲಿ ಅತಿ ಚಿಕ್ಕದು. ಸುಮಾರು 159 ಚದರ ಕಿಲೋಮೀಟರ್, ಐವತ್ತೊಂದು ಸಾವಿರ ಚಿಲ್ಲರೆ ಜನ. ಅಲ್ಲಿನವರೇ ಅಕ್ಕರೆಯಿಂದ ‘ವೀ ಕೌಂಟಿ’, ಅಂದರೆ ಪುಟ್ಟ ಕೌಂಟಿ ಎನ್ನುತ್ತಾರೆ. ತೊಂದರೆ ಇರುವುದು ಅಕ್ಕರೆಯಲ್ಲಲ್ಲ, ಅದರ ಹಿಂದೆಯೇ ಬರುವ ತೀರ್ಪಿನಲ್ಲಿ. ಬಜೆಟ್ ಬಿಗಿಯಾದಾಗಲೆಲ್ಲ ಕೇಳಿಬರುವ ಮಾತು ಒಂದೇ: ಇಷ್ಟು ಜನಕ್ಕೆ ಒಂದು ಪೂರ್ಣಾಧಿಕಾರದ ಕೌನ್ಸಿಲ್ ಏಕೆ? ಪಕ್ಕದ ಸ್ಟರ್ಲಿಂಗ್‌ಗೋ ಫಾಲ್‌ಕರ್ಕ್‌ಗೋ ಸೇರಿಸಿಬಿಡಿ, ಖರ್ಚು ಉಳಿಯುತ್ತದೆ. ಇದಕ್ಕೆ ಎದುರಾಡುವವರು ಸಾಮಾನ್ಯವಾಗಿ ಭಾವುಕರು. ಎಂಟುನೂರು ವರ್ಷಗಳ ಕೌಂಟಿ, ನಮ್ಮ ಅಸ್ಮಿತೆ, ಮುಟ್ಟಬೇಡಿ ಎನ್ನುತ್ತಾರೆ. ನನಗೆ ಎರಡೂ ಪಕ್ಷಗಳ ಮೇಲೆ ತಕರಾರಿದೆ, ಆದರೆ ಮೊದಲನೆಯದರ ಮೇಲೆ ಹೆಚ್ಚು.

ಭಾವುಕರದನ್ನು ಬೇಗ ಮುಗಿಸೋಣ. ‘ಶೈರ್’ ಎಂಬುದು ಜನ ತಾವಾಗಿ ಕೂಡಿ ಕಟ್ಟಿಕೊಂಡ ನಾಡಲ್ಲ. ರಾಜನ ಶೆರಿಫ್ ಕಂದಾಯ ಎತ್ತುವ, ಕಳ್ಳನನ್ನು ಹಿಡಿದು ಕೂಡಿಹಾಕುವ ಸರಹದ್ದು. ಕ್ಲಾಕ್‌ಮ್ಯಾನನ್ ಊರಿನ ನಡುಬೀದಿಯಲ್ಲಿ ಇಂದಿಗೂ ಮೂರು ವಸ್ತುಗಳು ಒತ್ತಾಗಿ ನಿಂತಿವೆ: ಊರಿಗೆ ಹೆಸರು ಕೊಟ್ಟ ಮನೌವಿನ ಕಲ್ಲು, ಸಂತೆಯ ಶಿಲುಬೆಗಂಬ, ಮತ್ತು ಟೋಲ್‌ಬೂತ್ ಎಂಬ ಹಳೆಯ ಸೆರೆಮನೆಯ ಗೋಪುರ. ಆ ಸೆರೆಮನೆ ಎದ್ದದ್ದು 1592ರಲ್ಲಿ. ಶೆರಿಫ್ ವಿಲಿಯಂ ಮೆಂಟೀತ್‌ಗೆ ಅಲ್ಲಿಯವರೆಗೆ ಕೈದಿಗಳನ್ನು ಸ್ವಂತ ಮನೆಯಲ್ಲೇ ಇಟ್ಟುಕೊಳ್ಳುವ ಪಾಡು. ಅದು ಸಾಕಾಗಿ ಪಾರ್ಲಿಮೆಂಟಿನವರೆಗೆ ಹೋಗಿ ಕಟ್ಟಡ ಮಾಡಿಸಿಕೊಂಡ. ಕೌಂಟಿ ಎಂದರೆ ಆಗ ಹೆಚ್ಚುಕಡಿಮೆ ಇಷ್ಟೇ: ಒಬ್ಬ ಶೆರಿಫ್, ಅವನ ಮನೆ, ಆ ಮನೆಯ ಕಿರಿಕಿರಿ. ಜನ ಆರಿಸಿದ ಕೌಂಟಿ ಕೌನ್ಸಿಲ್ ಹುಟ್ಟಿದ್ದು 1889ರ ಕಾಯ್ದೆಯಿಂದ, ಸತ್ತದ್ದು 1975ರಲ್ಲಿ. ಎಂಟುನೂರು ವರ್ಷಗಳ ಸ್ವಯಮಾಡಳಿತವೆಂದು ಎದೆ ತಟ್ಟಿಕೊಳ್ಳುವವರ ಕೈಯಲ್ಲಿ ನಿಜಕ್ಕೂ ಇರುವುದು ಎಂಬತ್ತೈದು ವರ್ಷ.

ಗಡಿಯೂ ದೇವರು ಬರೆದದ್ದಲ್ಲ. ಉತ್ತರದಲ್ಲಿ ಓಕಿಲ್ ಬೆಟ್ಟಸಾಲು ಗೋಡೆಯಂತೆ ಎದ್ದು ನಿಂತಿದೆ. ಅದರ ಬುಡದಲ್ಲಿ ಮೆನ್‌ಸ್ಟ್ರಿ, ಆಲ್ವಾ, ಟಿಲಿಕೂಲ್ಟ್ರಿ, ಡಾಲರ್ ಎಂಬ ಊರುಗಳು ಸಾಲಾಗಿ ಕೂತಿವೆ. ಬೆಟ್ಟದ ಪಾದದಲ್ಲಿರುವುದರಿಂದ ಅವುಗಳ ಒಟ್ಟು ಹೆಸರು ‘ಹಿಲ್‌ಫುಟ್ಸ್’. ನಕ್ಷೆ ನೋಡಿದ ಯಾರೇ ಆಗಲಿ ಇವನ್ನು ಒಂದೇ ದಾರದ ಮಣಿಗಳೆಂದಾರು. ಆದರೆ ನಡುವಿನ ಆಲ್ವಾ 1891ರವರೆಗೆ ಸ್ಟರ್ಲಿಂಗ್‌ಶೈರ್‌ನ ಸೊತ್ತು, ತನ್ನ ಕೌಂಟಿಯಿಂದ ತುಂಡಾಗಿ ಇನ್ನೊಬ್ಬರ ನೆಲದಲ್ಲಿ ಸಿಕ್ಕಿಕೊಂಡ ದ್ವೀಪ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಆಲ್ವಾದ ಮೇಲಿನ ಕಣಿವೆಯಲ್ಲಿ ಬೆಳ್ಳಿ ಸಿಕ್ಕಿತು. ಅದರ ಪರೀಕ್ಷೆ ಟಂಕಸಾಲೆಯ ಮುಖ್ಯಸ್ಥನಾಗಿದ್ದ ಐಸಾಕ್ ನ್ಯೂಟನ್‌ವರೆಗೂ ಹೋಯಿತು. ಇಂದು ಕ್ಲಾಕ್‌ಮ್ಯಾನನ್‌ಶೈರ್ ತನ್ನ ಕಥೆಗಳ ಪಟ್ಟಿಯಲ್ಲಿ ಅದನ್ನೂ ಸೇರಿಸಿಕೊಳ್ಳುತ್ತದೆ. ಆ ಕಾಲಕ್ಕೆ ಬೆಳ್ಳಿ ನೆರೆಯವರದು. ಪೂರ್ವದ ಮಕ್‌ಹಾರ್ಟ್ ಇನ್ನೂ ಹೊಸ ನೆಂಟ, 1975ರಲ್ಲಿ ಪರ್ತ್‌ಶೈರ್‌ನಿಂದ ಬಂದದ್ದು. ಹೀಗಾಗಿ ‘ಪುರಾತನ ಗಡಿ’ ಎಂಬ ವಾದವನ್ನು ನಾನು ನಂಬುವುದಿಲ್ಲ. ಅದರ ಅಗತ್ಯವೂ ಈ ಕೌಂಟಿಗಿಲ್ಲ.

ಅಗತ್ಯವಿಲ್ಲ ಎನ್ನುವುದೇಕೆಂದರೆ, ಗಡಿಯ ಗೆರೆ ಅಡ್ಡಾದಿಡ್ಡಿಯಾದರೂ ಒಳಗಿನ ನೆಲಕ್ಕೆ ತನ್ನದೇ ತರ್ಕವಿದೆ. ಓಕಿಲ್ ಸಾಲಿನ ದಕ್ಷಿಣ ಅಂಚಿನುದ್ದಕ್ಕೂ ಭೂಮಿ ಬಿರಿದು, ಒಂದು ಕಡೆಯ ಶಿಲಾಪದರ ಕೆಳಗೆ ಜಾರಿದೆ. ಮೇಲುಳಿದದ್ದು ಹಳೆಯ ಜ್ವಾಲಾಮುಖಿಯ ಗಟ್ಟಿ ಕಲ್ಲು, 721 ಮೀಟರಿನ ಬೆನ್ ಕ್ಲೂಕ್ ಅದರ ನೆತ್ತಿ. ಕೆಳಗೆ ಇಳಿದ ಪಾಲಿನಲ್ಲಿ ಕಲ್ಲಿದ್ದಲು ಉಳಿಯಿತು. ಬೆಟ್ಟದ ಮೇಲೆ ಕುರಿ, ಕಡಿದಾಗಿ ಧುಮುಕುವ ತೊರೆಗಳಿಂದ ಉಣ್ಣೆ ಗಿರಣಿಗೆ ಬೇಕಾದ ಬಲ, ಬಯಲಿನಲ್ಲಿ ಇದ್ದಿಲು, ಅದನ್ನು ಹೊರಗೆ ಸಾಗಿಸಲು ಫೋರ್ತ್ ನದಿಯ ದಡದಲ್ಲಿ ಅಲೋವಾ ಬಂದರು. ಬೆಟ್ಟದಿಂದ ಬಂದರಿಗೆ ಒಂದು ಬೆಳಗಿನ ನಡಿಗೆ. ಗಣಿಯ ನೀರನ್ನು ಮೇಲೆತ್ತುವ ಯಂತ್ರಗಳಿಗೆ ಶಕ್ತಿ ಕೊಡಲೆಂದು ಮಾರ್‌ನ ಅರ್ಲ್ 1713ರ ಸುಮಾರಿಗೆ ಗಾರ್ಟ್‌ಮಾರ್ನ್‌ನಲ್ಲಿ ಕೆರೆ ಕಟ್ಟಿಸಿದ; ಸ್ಕಾಟ್ಲೆಂಡಿನ ಅತಿ ಹಳೆಯ ಮಾನವನಿರ್ಮಿತ ಜಲಾಶಯವೆಂದು ಅದಕ್ಕೆ ಹೆಸರು. (ಎರಡು ವರ್ಷ ಕಳೆದು ಅದೇ ಅರ್ಲ್ ಜಾಕೊಬೈಟ್ ದಂಗೆಯ ನಾಯಕನಾಗಿ ಆಸ್ತಿಯನ್ನೆಲ್ಲ ಕಳೆದುಕೊಂಡ. ಕೆರೆ ಉಳಿಯಿತು.) 1750ರಲ್ಲಿ ಅವನ ಮಗಳು ಫ್ರಾನ್ಸಿಸ್ ಎರ್ಸ್‌ಕಿನ್ ತೊಡಗಿಸಿದ ಗಾಜಿನ ಕಾರ್ಖಾನೆ ಇಂದಿಗೂ ಬಾಟಲಿ ಮಾಡುತ್ತಿದೆ. ಬಾಟಲಿಗೆ ತುಂಬಲು ಏನು ಎಂದು ಕೇಳಬೇಕಾಗಿರಲಿಲ್ಲ. ಬಿಯರ್ ಕುದಿಸುವುದರಲ್ಲಿ ಅಲೋವಾ ಎಡಿನ್‌ಬರೋಗೆ ಮಾತ್ರ ಎರಡನೆಯದಾಗಿತ್ತು.

ಚಿಕ್ಕ ನಾಡೆಂದರೆ ಬಾವಿಯೊಳಗಿನ ಬದುಕು ಎಂದೂ ಕೆಲವರು ತಿಳಿಯುತ್ತಾರೆ. ಮೆನ್‌ಸ್ಟ್ರಿಯ ವಿಲಿಯಂ ಅಲೆಕ್ಸಾಂಡರ್ 1621ರಲ್ಲಿ ರಾಜನಿಂದ ಬರೆಸಿಕೊಂಡದ್ದು ಅಟ್ಲಾಂಟಿಕ್ ಆಚೆಯ ನೋವಾ ಸ್ಕೋಶಿಯಾವನ್ನು. ಟಲಿಬಾಡಿಯಲ್ಲಿ ಹುಟ್ಟಿದ ರಾಬರ್ಟ್ ಅಬರ್‌ಕ್ರಾಂಬಿಯನ್ನು ನಮ್ಮ ಚರಿತ್ರೆಯೂ ಬಲ್ಲದು. ಮೂರನೆಯ ಮೈಸೂರು ಯುದ್ಧದಲ್ಲಿ ಬೊಂಬಾಯಿ ಸೈನ್ಯವನ್ನು ಮಲಬಾರಿನಿಂದ ಘಟ್ಟ ಹತ್ತಿಸಿ, ದೊಡ್ಡ ವೀರರಾಜೇಂದ್ರನ ನೆರವಿನಿಂದ ಕೊಡಗಿನ ಮೂಲಕ ತಂದು, 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಕಾರ್ನ್‌ವಾಲಿಸ್ ಜೊತೆ ಸೇರಿದ ಜನರಲ್ ಅವನೇ. ಅವನ ಊರು ಎಷ್ಟು ಚಿಕ್ಕದೆಂದು ತಿಳಿದು ಟಿಪ್ಪುವಿಗೆ ಸಮಾಧಾನ ಆಗುತ್ತಿತ್ತೆಂದು ನನಗನ್ನಿಸುವುದಿಲ್ಲ.

ಈಗ ಮುಖ್ಯ ವಾದಕ್ಕೆ. ‘ಅತಿ ಚಿಕ್ಕದು’ ಎನ್ನುವವರು ಯಾವ ಅಳತೆಗೋಲು ಹಿಡಿದಿದ್ದಾರೆ? 1975ಕ್ಕೆ ಮೊದಲು ಸ್ಕಾಟ್ಲೆಂಡಿನಲ್ಲಿ ನಾಲ್ಕು ನಗರ, 33 ಕೌಂಟಿ, 21 ದೊಡ್ಡ ಬರ್ಗ್, 176 ಚಿಕ್ಕ ಬರ್ಗ್, 196 ಡಿಸ್ಟ್ರಿಕ್ಟ್, ಒಟ್ಟು 430 ಸ್ಥಳೀಯ ಸಂಸ್ಥೆಗಳಿದ್ದವು. ಬರ್ಗ್ ಎಂದರೆ ತನ್ನದೇ ಪುರಸಭೆ, ಪ್ರೋವೊಸ್ಟ್ ಎಂಬ ಅಧ್ಯಕ್ಷ ಇದ್ದ ಪಟ್ಟಣ. ಈ ಪುಟ್ಟ ಕೌಂಟಿಯೊಳಗೇ ಅಲೋವಾ, ಆಲ್ವಾ, ಟಿಲಿಕೂಲ್ಟ್ರಿ, ಡಾಲರ್ ಎಂಬ ನಾಲ್ಕು ಬರ್ಗ್‌ಗಳು. 1969ರಲ್ಲಿ ವರದಿ ಕೊಟ್ಟ ವೀಟ್ಲಿ ಆಯೋಗ ಇದೆಲ್ಲ ಚಿಲ್ಲರೆ ವ್ಯವಹಾರ, ದೊಡ್ಡ ಘಟಕ ಬೇಕು ಎಂದಿತು. ಸ್ವಲ್ಪ ತಿದ್ದುಪಡಿಯೊಂದಿಗೆ ಸರ್ಕಾರ ಒಪ್ಪಿತು. ಕ್ಲಾಕ್‌ಮ್ಯಾನನ್ ಸೆಂಟ್ರಲ್ ರೀಜನ್‌ನ ಒಂದು ಡಿಸ್ಟ್ರಿಕ್ಟ್ ಆಯಿತು. ಶಾಲೆ, ರಸ್ತೆ, ಸಮಾಜಸೇವೆ ಸ್ಟರ್ಲಿಂಗ್‌ನ ಕಚೇರಿಗೆ ಹೋದವು. ಇಪ್ಪತ್ತೊಂದು ವರ್ಷ ಕಳೆದು, 1996ರ ಏಪ್ರಿಲ್ 1ರಂದು ಆ ವ್ಯವಸ್ಥೆಯನ್ನೂ ಕಿತ್ತು ಮೂವತ್ತೆರಡು ಏಕಹಂತದ ಕೌನ್ಸಿಲ್‌ಗಳನ್ನು ನೆಟ್ಟರು. ಕೌಂಟಿ ಮರಳಿ ಬಂತು. ನಾಲ್ಕು ಬರ್ಗ್‌ಗಳು ಬರಲಿಲ್ಲ.

ಸುಮಾರು ಐವತ್ತೈದು ಲಕ್ಷ ಜನಕ್ಕೆ ಮೂವತ್ತೆರಡು ಸಂಸ್ಥೆ. ಒಂದೊಂದಕ್ಕೆ ಸರಾಸರಿ ಒಂದು ಲಕ್ಷ ಎಪ್ಪತ್ತು ಸಾವಿರ. ಯೂರೋಪಿನಲ್ಲಿ ಇಷ್ಟು ದಪ್ಪನೆಯ ‘ಸ್ಥಳೀಯ’ ಸರ್ಕಾರ ಅಪರೂಪ. ಫ್ರಾನ್ಸಿನಲ್ಲಿ ಸುಮಾರು ಮೂವತ್ತೈದು ಸಾವಿರ ಕೊಮ್ಯೂನ್‌ಗಳಿವೆ. ಅದು ವಿಪರೀತ ಎನ್ನುವಿರಾದರೆ ಡೆನ್ಮಾರ್ಕ್ ನೋಡಿ: ಸಂಸ್ಥೆಗಳನ್ನು ಒಟ್ಟುಗೂಡಿಸಬೇಕೆಂದೇ ಹೊರಟು 2007ರಲ್ಲಿ 98ಕ್ಕೆ ಇಳಿಸಿದರು, ಸ್ಕಾಟ್ಲೆಂಡಿನಷ್ಟೇ ಜನಸಂಖ್ಯೆಯ ಆ ದೇಶದಲ್ಲಿ ವಿಲೀನ ಮುಗಿದ ಮೇಲೂ ಸರಾಸರಿ ಕ್ಲಾಕ್‌ಮ್ಯಾನನ್‌ಶೈರ್‌ನ ಆಸುಪಾಸಿನಲ್ಲೇ ನಿಂತಿತು. ಅಂದರೆ ನಮ್ಮ ಪುಟ್ಟ ಕೌಂಟಿ ಗಡಿ ದಾಟಿದ ಕೂಡಲೇ ಸಾಧಾರಣ ಗಾತ್ರದ ಊರಾಡಳಿತ. ಆನೆಗಳ ಸಾಲಿನಲ್ಲಿ ನಿಲ್ಲಿಸಿ ಕುದುರೆಯನ್ನು ಕುಳ್ಳ ಎಂದಂತಾಯಿತು. ಡಾಲರ್‌ನ ನಿವಾಸಿಗೆ ಅಲೋವಾದ ಕೌನ್ಸಿಲ್ ಈಗಾಗಲೇ ದೂರ. 1975ರಲ್ಲಿ ಬರ್ಗ್‌ನ ಬದಲಿಗೆ ಅವನಿಗೆ ಸಿಕ್ಕಿದ್ದು ತೆರಿಗೆ ಹಾಕುವ ಅಧಿಕಾರವಿಲ್ಲದ ಸಮುದಾಯ ಮಂಡಳಿ. ನನ್ನನ್ನು ಕೇಳಿದರೆ ಕ್ಲಾಕ್‌ಮ್ಯಾನನ್‌ಶೈರ್‌ನ ದೋಷ ಅದು ಚಿಕ್ಕದಾಗಿರುವುದಲ್ಲ, ಅದರೊಳಗೆ ಅದಕ್ಕಿಂತ ಚಿಕ್ಕದಾದದ್ದು ಏನೂ ಉಳಿಯದಿರುವುದು.

ವಿಲೀನವಾದಿಗಳ ಲೆಕ್ಕ ಸುಳ್ಳೆಂದು ನಾನು ಹೇಳುವುದಿಲ್ಲ. ಹದಿನೆಂಟು ಸದಸ್ಯರ ಕೌನ್ಸಿಲ್‌ಗೂ ಶಿಕ್ಷಣಕ್ಕೊಬ್ಬ, ಹಣಕಾಸಿಗೊಬ್ಬ, ಕಾನೂನಿಗೊಬ್ಬ ಹಿರಿಯ ಅಧಿಕಾರಿ ಬೇಕು, ಗ್ಲಾಸ್ಗೋಗೂ ಬೇಕು. ವಿಶೇಷ ಆರೈಕೆ ಬೇಕಾದ ನಾಲ್ಕಾರು ಮಕ್ಕಳನ್ನು ಹೊರಗಿನ ವಸತಿಗೃಹಕ್ಕೆ ಕಳಿಸಬೇಕಾಗಿ ಬಂದರೆ ಚಿಕ್ಕ ಬಜೆಟ್ ಅಲುಗಾಡುತ್ತದೆ. ಇದಕ್ಕೆಂದೇ ಸ್ಟರ್ಲಿಂಗ್ ಜೊತೆ ಶಿಕ್ಷಣ ಮತ್ತು ಸಮಾಜಸೇವೆಯನ್ನು ಹಂಚಿಕೊಳ್ಳುವ ಪ್ರಯೋಗ 2010ರ ದಶಕದಲ್ಲಿ ನಡೆಯಿತು, ಕೆಲವೇ ವರ್ಷಗಳಲ್ಲಿ ಬರಖಾಸ್ತಾಯಿತು. ಒಬ್ಬ ಅಧಿಕಾರಿ ಎರಡು ಚುನಾಯಿತ ಸಭೆಗಳಿಗೆ ಉತ್ತರ ಹೇಳುವುದು ಎರಡು ಮನೆಗೆ ಒಬ್ಬಳೇ ಸೊಸೆಯಾದಂತೆ. ಆದರೆ ವಯಸ್ಕರ ಆರೈಕೆ ಮತ್ತು ಆರೋಗ್ಯದಲ್ಲಿ ಇದೇ ಎರಡು ಕೌನ್ಸಿಲ್‌ಗಳ ಜಂಟಿ ಮಂಡಳಿ ನಡೆದುಕೊಂಡು ಬಂದಿದೆ. ಕೂಡಿ ಮಾಡಬಹುದಾದದ್ದನ್ನು ಕೂಡಿ ಮಾಡಲು ಒಬ್ಬರು ಸಾಯಬೇಕಾಗಿಲ್ಲ.

ಇನ್ನು ಹಣ. ಕೌನ್ಸಿಲ್‌ನ ಆದಾಯದ ಬಹುಪಾಲು ಎಡಿನ್‌ಬರೋ ಕೊಡುವ ಅನುದಾನ. ವ್ಯಾಪಾರ ಕಟ್ಟಡಗಳ ತೆರಿಗೆಯ ದರ ನಿಗದಿ ಮಾಡುವವರು ಅಲ್ಲಿನ ಮಂತ್ರಿಗಳು; ಗಾಜಿನ ಕಾರ್ಖಾನೆ ಕಟ್ಟಿದ್ದೂ ರಾಷ್ಟ್ರೀಯ ಗಂಟಿಗೆ ಸೇರಿ ಮತ್ತೆ ಹಂಚಿಕೆಯಾಗುತ್ತದೆ. ಮನೆ ತೆರಿಗೆಯೊಂದು ಕೈಯಲ್ಲಿತ್ತು. ಸುಮಾರು ಒಂದು ದಶಕ ಅದನ್ನೂ ಏರಿಸದಂತೆ ತಡೆಹಿಡಿದರು. ಹಾಸಿಗೆಯನ್ನು ತಾವೇ ಕತ್ತರಿಸಿ ಕೊಟ್ಟು, ಕಾಲು ಉದ್ದವಾಯಿತೆಂದು ದೂರುವುದು ಯಾವ ನ್ಯಾಯ?

ಗಾತ್ರವೇ ಹಣೆಬರಹವೆನ್ನುವವರಿಗೆ ಶೆಟ್‌ಲೆಂಡ್ ತೋರಿಸಬೇಕು. ಉತ್ತರ ಸಮುದ್ರದಲ್ಲಿ ತೈಲ ಸಿಕ್ಕಾಗ ಅಲ್ಲಿದ್ದವರು ಹದಿನೇಳು ಹದಿನೆಂಟು ಸಾವಿರ ಜನ, ಕ್ಲಾಕ್‌ಮ್ಯಾನನ್‌ನ ಅರ್ಧವೂ ಅಲ್ಲ. ಅಲ್ಲಿನ ಕೌಂಟಿ ಕೌನ್ಸಿಲ್ ಪಟ್ಟು ಹಿಡಿದು ವೆಸ್ಟ್‌ಮಿನ್‌ಸ್ಟರ್‌ನಿಂದ 1974ರಲ್ಲಿ ತನ್ನದೇ ಒಂದು ಕಾಯ್ದೆ ಮಾಡಿಸಿಕೊಂಡಿತು. ಸಲಮ್ ವೋ ಬಂದರಿನ ಮೇಲೆ ಹಿಡಿತ ಪಡೆಯಿತು, ತೈಲ ಕಂಪನಿಗಳಿಂದ ಪರಿಹಾರ ವಸೂಲು ಮಾಡಿತು, ಊರಿಗಾಗಿ ನಿಧಿ ಕಟ್ಟಿತು. ಮರುವರ್ಷ ಸ್ಕಾಟ್ಲೆಂಡಿನ ಮುಖ್ಯ ಭೂಮಿಯ ಕೌಂಟಿಗಳನ್ನೆಲ್ಲ ಗುಡಿಸಿಹಾಕುವಾಗ ಶೆಟ್‌ಲೆಂಡ್‌ಗೂ ಆರ್ಕ್‌ನಿಗೂ ಪೂರ್ಣಾಧಿಕಾರದ ಕೌನ್ಸಿಲ್ ಕೊಟ್ಟರು. ಸುತ್ತ ಸಮುದ್ರವಿದ್ದರೆ ಹದಿನೆಂಟು ಸಾವಿರ ಸಾಕು, ಸುತ್ತ ಹೊಲವಿದ್ದರೆ ಐವತ್ತು ಸಾವಿರವೂ ಸಾಲದು!

ಅಲೋವಾಕ್ಕೆ ತೈಲ ಸಿಗಲಿಲ್ಲ. ಇದ್ದದ್ದೂ ಹೋಯಿತು: ಕಲ್ಲಿದ್ದಲು, ಬಿಯರ್ ಭಟ್ಟಿಗಳು, ಕೊನೆಗೆ ನೂಲು. ಜಾನ್ ಪೇಟನ್ 1814ರಲ್ಲಿ ಶುರುಮಾಡಿದ ಹೆಣಿಗೆ ನೂಲಿನ ಉದ್ಯಮದ ಕಿಲ್ನ್‌ಕ್ರೇಗ್ಸ್ ಗಿರಣಿ 1999ರಲ್ಲಿ ಬಾಗಿಲು ಹಾಕಿತು. ಅದರ ಉಳಿದ ಕಟ್ಟಡದಲ್ಲಿ ಈಗ ಕೌಂಟಿಯ ಕೌನ್ಸಿಲ್ ಕೂತಿದೆ. ಇನ್ನೊಂದು ಲೆಕ್ಕವನ್ನೂ ಇಡಬೇಕು. 1968ರಲ್ಲಿ ಕಳೆದುಹೋದ ಪ್ರಯಾಣಿಕರ ರೈಲು 2008ರ ಮೇ ತಿಂಗಳಲ್ಲಿ ಅಲೋವಾಕ್ಕೆ ಮರಳಿತು. ಅದು ಒಬ್ಬರ ಕೊಡುಗೆಯಲ್ಲ ಎಂಬುದು ನಿಜ. ಆದರೆ ಆ ಹಳಿಗೆ ಬೇಕಾದ ಮಸೂದೆಯನ್ನು ಸ್ಕಾಟಿಷ್ ಪಾರ್ಲಿಮೆಂಟಿನ ಮುಂದೆ ಒಯ್ದದ್ದು ಇದೇ ಪುಟ್ಟ ಕೌನ್ಸಿಲ್. ಸ್ಟರ್ಲಿಂಗ್‌ನಲ್ಲಿ ಕೂತ ದೊಡ್ಡ ಮಂಡಳಿಗೆ ಅಲೋವಾದ ರೈಲು ಎಷ್ಟನೆಯ ಕಲಮಾಗಿರುತ್ತಿತ್ತೋ.

ಊಹೆ ಬೇಡವೆಂದರೆ ಪಕ್ಕದಲ್ಲೇ ಉದಾಹರಣೆ ಇದೆ. ಕಿನ್‌ರಾಸ್‌ಶೈರ್, ಚಿಕ್ಕದರಲ್ಲಿ ಎರಡನೆಯದು. 1708ರಿಂದ 1832ರವರೆಗೆ ಈ ಎರಡು ಕೌಂಟಿಗಳಿಗೆ ಸೇರಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಒಂದೇ ಕುರ್ಚಿ. ಒಂದು ಪಾರ್ಲಿಮೆಂಟಿಗೆ ಇವರು ಸದಸ್ಯನನ್ನು ಆರಿಸಿದರೆ ಮುಂದಿನದಕ್ಕೆ ಅವರು. ತನ್ನ ಸರದಿ ಇಲ್ಲದ ಕೌಂಟಿಗೆ ಆ ಅವಧಿಯಲ್ಲಿ ಪ್ರತಿನಿಧಿಯೇ ಇಲ್ಲ. ಮುಂದೆ ಕಿನ್‌ರಾಸ್ ವಿಲೀನವಾದಿಗಳು ಹೇಳುವ ದಾರಿಯಲ್ಲೇ ನಡೆಯಿತು: 1929ರ ಕಾಯ್ದೆಯಂತೆ ಪರ್ತ್ ಜೊತೆ ಜಂಟಿ ಕೌನ್ಸಿಲ್, 1975ರಲ್ಲಿ ಪರ್ತ್ ಜೊತೆ ಡಿಸ್ಟ್ರಿಕ್ಟ್, 1996ರಲ್ಲೂ ಪರ್ತ್ ಜೊತೆಯೇ. ಕಚೇರಿ ಪರ್ತ್‌ನಲ್ಲಿದೆ. ಫಲಕದ ಮೇಲೆ, ಪರ್ತ್ ಆದ ಮೇಲೆ, ‘ಮತ್ತು ಕಿನ್‌ರಾಸ್’ ಎಂದು ಬರೆದಿರುತ್ತಾರೆ.